ಮಾವನ ಹೆಸರು

ನಮ್ಮ ಅಡುಗೆಮನೆಯ ಬಾಗಿಲ ಮೇಲೆ ಒಂದು ಚೀಟಿ ಅಂಟಿಸಿದೆ. ಅದರಲ್ಲಿ ದಪ್ಪ ಅಕ್ಷರಗಳಲ್ಲಿ ‘ಬಾಗಿಲು’ ಎಂದು ಬರೆದಿದೆ. ಬರೆದವಳು ನಾನೇ. ಮೊನ್ನೆ ಗ್ಯಾಸ್ ಸಿಲಿಂಡರು ಹೊತ್ತು ತಂದವನು ಅದನ್ನು ಓದಿ, ಬಾಗಿಲನ್ನೊಮ್ಮೆ ನನ್ನನ್ನೊಮ್ಮೆ ನೋಡಿ, “ಅಕ್ಕಾರ, ಇದು ಬಾಗಲಾ ಅನ್ನೂದು ನಮಗೂ ಗೊತ್ತೈತ್ರಿ” ಎಂದು ನಗುತ್ತ ಹೋದ. ನಾನೂ ನಕ್ಕೆ. ಅವನಿಗೆ ಏನಂತ ಬಿಡಿಸಿ ಹೇಳಲಿ? ಒಂದು ಕಾಲಕ್ಕೆ ಈ ಮನೆಯಲ್ಲಿ ಕಪಾಟಿನ ಮೇಲೆ ‘ಕಪಾಟು’, ಕನ್ನಡಿಯ ಮೇಲೆ ‘ಕನ್ನಡಿ’, ಗೋಡೆಯ ಮೇಲೆ ‘ಗೋಡೆ’ ಎಂದೆಲ್ಲ ಬರೆದಿತ್ತು. ಮಧ್ಯಾಹ್ನ ಉಂಡು ಅಡ್ಡಾಗಿದ್ದ ನಮ್ಮ ಮನೆಯವರ ಹಣೆಗೂ ಒಂದು ಹಚ್ಚಲೇನು ಎಂದು ಗಂಡನ ಮನೆಯಿಂದ ಬಂದಿದ್ದ ಮಗಳು ಕೇಳಿದ್ದಳು. ಉಳಿದವೆಲ್ಲ ಒಂದೊಂದಾಗಿ ಉದುರಿ ಕಸಬರಿಗೆಯ ಪಾಲಾದವು. ಇದೊಂದು ಏಕೋ ಹಟ ಹಿಡಿದು ಕೂತಿದೆ. ಕಿತ್ತು ಹಾಕಲು ನನಗೂ ಮನಸ್ಸಿಲ್ಲ.

ಚೀಟಿಗಳನ್ನು ಹಚ್ಚಿದ್ದು ನಮ್ಮ ಅತ್ತೆಯವರಿಗಾಗಿ. ಅವರ ಹೆಸರು ನೀಲವ್ವ. ಎರಡು ವರ್ಷದ ಹಿಂದೆ ಜೋಳದ ಸುಗ್ಗಿಯ ಹೊತ್ತಿನಲ್ಲಿ, ಬೆಳಗಿನ ಚಹಾ ಕುಡಿಯುತ್ತ ಕೂತಿದ್ದವರ ಕೈಯಿಂದ ಕಪ್ಪು ಜಾರಿ ಬಿತ್ತು. ಬಲಗೈ ಸೋತಿತ್ತು, ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಲಕ್ವಾ. ಬಸವನ ಬಾಗೇವಾಡಿಯಿಂದ ಮನಗೂಳಿ ದಾಟಿ ವಿಜಯಪುರಕ್ಕೆ ಗಾಡಿ ಹೇಗೆ ಓಡಿತೋ ದೇವರೇ ಬಲ್ಲ. ಹೊತ್ತಿಗೆ ಸರಿಯಾಗಿ ಮುಟ್ಟಿದೆವು, ಜೀವ ಉಳಿಯಿತು. ಕೈಕಾಲುಗಳೂ ಕೆಲವು ತಿಂಗಳಲ್ಲಿ ಮುಕ್ಕಾಲು ಪಾಲು ಹೇಳಿದ ಮಾತು ಕೇಳತೊಡಗಿದವು. ಮರಳಿ ಬಾರದೆ ಉಳಿದದ್ದು ಮಾತು.

ಅತ್ತೆ ಎಂದರೆ ಮಾತಿನ ಮಲ್ಲಿ. ಹಾದಿಯಲ್ಲಿ ಹೋಗುವವರನ್ನು ಕರೆದು ಕೂಡಿಸಿ ಮಾತಾಡಿಸುತ್ತಿದ್ದವರು. ಅಂಥವರು ಈಗ ರೊಟ್ಟಿಗೆ “ದುಂಡಂದು” ಎನ್ನುತ್ತಿದ್ದರು, ಲಿಂಬೆಹಣ್ಣಿಗೆ “ಹುಳಿ ಚಂಡು” ಎನ್ನುತ್ತಿದ್ದರು. ಉಪ್ಪು ಬೇಕಾದಾಗ ಸಕ್ಕರೆ ಎನ್ನುತ್ತಿದ್ದರು. ಅವರ ಬಾಯಲ್ಲಿ ನಾನು ಅವರ ತಂಗಿಯಾಗಿದ್ದೆ. ಅಂಗಡಿ ನಡೆಸುವ ನಮ್ಮ ಮನೆಯವರು “ಆ ಅಂಗಡಿ” ಆಗಿದ್ದರು. ಬೈಗುಳ ಮಾತ್ರ ಒಂದೂ ಕೆಟ್ಟಿರಲಿಲ್ಲ. ಆಸ್ಪತ್ರೆಯಲ್ಲಿ ಮೊಟ್ಟಮೊದಲು ಅವರ ಬಾಯಿಂದ ಸ್ಪಷ್ಟವಾಗಿ ಹೊರಟ ಮಾತು, ಸೂಜಿ ಚುಚ್ಚಲು ಬಂದವರಿಗೆ ಹೇಳಿದ “ಹೋಗತ್ಲಾಗ!” ನಾವೆಲ್ಲ ಸಂತೋಷದಿಂದ ಒಬ್ಬರ ಕೈ ಒಬ್ಬರು ಹಿಡಿದುಕೊಂಡೆವು.

ದೊಡ್ಡ ಡಾಕ್ಟರು ಗುಳಿಗೆ ಬರೆದುಕೊಟ್ಟು ಹೇಳಿದರು: “ಬಿ.ಪಿ.ಗೆ, ರಕ್ತ ಗಟ್ಟಿ ಆಗದಂಗ ಇವನ್ನ ಕೊಟ್ಟೇನಿ, ತಪ್ಪಸಬ್ಯಾಡ್ರಿ. ಮಾತಿಗೆ ಮಾತ್ರ ಗುಳಿಗಿ ಇಲ್ರಿ. ದಿನಾ ಮಾತಾಡ್ಸೂದ ಅದಕ್ಕ ಔಷಧ.”

ಗುಳಿಗೆ ಇಲ್ಲ ಎಂದದ್ದೇ ತಡ, ನಾನು ಸೆರಗು ಕಟ್ಟಿ ನಿಂತೆ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಕಲಿಸುವುದೆಂದರೆ ನಮಗೆ ಮುಗಿಯಿತಲ್ಲ. ಮೊದಲು ಈ ಚೀಟಿಗಳು ಬಂದವು. ಅತ್ತೆ ಬಾಗಿಲನ್ನು ಬಾಗಿಲೆಂದು ಚೆನ್ನಾಗಿಯೇ ಬಲ್ಲರು, ದಿನಕ್ಕೆ ಹತ್ತು ಸಲ ಅದರೊಳಗಿಂದ ಹಾಯುತ್ತಾರೆ, ಅವರಿಗೆ ಬೇಕಾದದ್ದು ಆ ಮಾತು ಬಾಯಿಗೆ ಬರುವುದು ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಆಮೇಲೆ ಪುಸ್ತಕದಂಗಡಿಯಿಂದ ಎಲ್ಕೇಜಿ ಮಕ್ಕಳ ಚಿತ್ರದ ಕಾರ್ಡು ತಂದೆ. ಅದರಲ್ಲಿ ಹಿಮದ ನಾಡಿನವರು ಮಂಜಿನಲ್ಲಿ ಕಟ್ಟಿದ ಗುಡಿಸಲು ಇತ್ತು. “ಇದೇನ್ರಿ ಅತ್ತಿ?” ಎಂದೆ. ಅತ್ತೆ ಬಹಳ ಹೊತ್ತು ನೋಡಿ “ಬಣವಿ” ಎಂದರು. ನಾನು ತಲೆ ಅಲ್ಲಾಡಿಸಿ “ಅಲ್ರಿ, ತಪ್ಪು” ಎಂದೆ. ಹಿಂದೆ ಕೂತಿದ್ದ ಮಾವ ಸಿಟ್ಟಾದರು. “ಏ ಯವ್ವಾ, ನಾನೂ ಬಣವಿನೇ ಅಂತಿದ್ದೆ. ನನಗೂ ಲಕ್ವಾ ಹೊಡದೈತೇನು?”

ಆ ಕಾರ್ಡುಗಳ ಗೀಳು ಬಿಡಿಸಿದವಳು ಸಹನಾ. ವಿಜಯಪುರದ ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಹುಡುಗಿ, ಹಾಸನದ ಕಡೆಯವಳು. ನಮ್ಮ ಮಾತು ಕೇಳಿದರೆ ಜಗಳ ನಡೆದಿದೆ ಎಂದುಕೊಂಡು ಮೊದಮೊದಲು ಎದ್ದು ನಿಲ್ಲುತ್ತಿದ್ದಳಂತೆ. ವಾರಕ್ಕೊಮ್ಮೆ ಅತ್ತೆಯನ್ನು ಅವಳಲ್ಲಿಗೆ ಕರೆದೊಯ್ಯುತ್ತಿದ್ದೆವು. ನನ್ನ ಕಾರ್ಡುಗಳನ್ನು ನೋಡಿ ನಗಲಿಲ್ಲ, ಪಾಪ. “ಆಂಟಿ, ಇವನ್ನ ಮಕ್ಕಳಿಗೆ ಕೊಟ್ಟುಬಿಡಿ. ಅಜ್ಜಿ ಕೈಯಲ್ಲಿ ಹಿಡಿದು ಬದುಕಿದ ಸಾಮಾನು ಯಾವುದಿದೆಯೋ ಅದನ್ನು ತನ್ನಿ. ಮಾತು ಸಿಕ್ಕದೆ ಇದ್ದಾಗ ಪೂರ್ತಿ ಹೇಳಿಕೊಡಬೇಡಿ, ಮೊದಲ ಅಕ್ಷರ ಮಾತ್ರ ಹೇಳಿ, ಕಾಯಿರಿ. ಹಾಡಿಸಿ. ಆಟ ಆಡಿಸಿ. ದಣಿದಾಗ ಬಿಟ್ಟುಬಿಡಿ.”

ಹಾಗೆ ನಮ್ಮ ಮನೆಯ ನಿತ್ಯದ ಪಾಠ ಶುರುವಾಯಿತು. ಮಗಳನ್ನು ಕೊಟ್ಟಿರುವುದು ಇಂಡಿಗೆ. ಬೀಗರದು ಲಿಂಬೆ ತೋಟ, ಚೀಲಗಟ್ಟಲೆ ಲಿಂಬೆ ಕಳಿಸುತ್ತಾರೆ. ಅದನ್ನು ಅತ್ತೆಯ ಮುಂದೆ ಸುರಿದರೆ ದೊಡ್ಡದು, ನಡುವಿನದು, ಸಣ್ಣದು ಎಂದು ಸೋತ ಕೈಯಿಂದಲೇ ಬೇರೆ ಮಾಡುತ್ತಿದ್ದರು. ಮೊದಲು ಎಲ್ಲ ಒಂದೇ ಗುಂಪಿಗೆ ಹೋಗುತ್ತಿದ್ದವು. ಬರಬರುತ್ತ ಮೂರು ಗುಂಪುಗಳಾದವು. ಆಮೇಲೆ ನಾನು ಬೇರೆ ಮಾಡಿದ್ದನ್ನು ಅವರೇ ತಿದ್ದತೊಡಗಿದರು. ಮಧ್ಯಾಹ್ನ ಮಾವನ ಜೊತೆ ಚೌಕಾಬಾರ. ಅತ್ತೆ ಮೊದಲಿನಿಂದಲೂ ಆ ಆಟದಲ್ಲಿ ಕಾಯಿ ಸರಿಸಿ ಮೋಸ ಮಾಡುವವರೇ. ಒಂದು ದಿನ ಮಾವ ನನ್ನನ್ನು ಕೂಗಿ ಕರೆದರು: “ನೋಡವಾ, ಎರಡ ಬಿದ್ರ ಮೂರ ಮನಿ ನಡಸ್ಯಾಳ!” ನಾನು ಗಾಬರಿಯಾಗಿ, ಎಣಿಕೆಯೂ ಹೋಯಿತು ಎಂದು ಸಹನಾಗೆ ಫೋನು ಮಾಡಿದೆ. ಅವಳು ಕೇಳಿದ್ದು ಒಂದೇ, “ಹೆಚ್ಚಿಗೆ ನಡೆಸಿದ್ದು ಅವರಿಗೇ ಲಾಭ ಆಗೋ ಕಡೆಗಾ?” ಹೌದು ಎಂದೆ. “ಹಾಗಾದರೆ ತುಂಬಾ ಒಳ್ಳೆಯದು ಆಂಟಿ, ಮೋಸ ಮಾಡೋಕೆ ಬುದ್ಧಿ ಬೇಕು” ಎಂದಳು. ಮಾವನಿಗೆ ಹೇಳಿದೆ. ಅವರು ಅಂದಿನಿಂದ ಬಾಯಿ ಮುಚ್ಚಿಕೊಂಡು ಸೋಲತೊಡಗಿದರು.

ಇಷ್ಟರ ನಡುವೆ ಒಂದು ಮುಳ್ಳು ಉಳಿದಿತ್ತು. ಅದು ನಾಟಿದ್ದು ಸಹನಾಳ ಮೊದಲ ದಿನದ ಪರೀಕ್ಷೆಯಲ್ಲಿ.

ಅವಳು ಊರು ಕೇಳಿದಳು, ಕಾಲ ಕೇಳಿದಳು, ವಾರಗಳ ಹೆಸರು ಹೇಳಿ ಎಂದಳು. ಅತ್ತೆ ಬೆರಳು ಮಡಿಸುತ್ತ ರವಿವಾರದಿಂದ ಬುಧವಾರದ ತನಕ ಬಂದರು, ಅಲ್ಲಿಂದ ಒಂದನ್ನು ಹಾರಿ ಶುಕ್ರವಾರಕ್ಕೆ ಕಾಲಿಟ್ಟರು, ಅಲ್ಲಿಗೇ ನಿಂತರು. ಆಮೇಲೆ ಸಹನಾ ಮೆಲ್ಲಗೆ ಕೇಳಿದಳು, “ಅಜ್ಜಿ, ನಿಮ್ಮ ಯಜಮಾನರ ಹೆಸರೇನು?” ಪಕ್ಕದ ಕುರ್ಚಿಯಲ್ಲೇ ಮಾವ ಕೂತಿದ್ದಾರೆ. ಅತ್ತೆ ಅವರನ್ನು ನೋಡಿದರು, ನೆಲ ನೋಡಿದರು, ಸುಮ್ಮನಾದರು. ಸಹನಾ ಹಾಳೆಯ ಮೇಲೆ ಸಣ್ಣದೊಂದು ಗೆರೆ ಎಳೆದಳು. ಆ ಗೆರೆಯನ್ನು ಮಾವ ನೋಡಿಬಿಟ್ಟರು.

ನಾನು ಕೂಡಲೇ ಹೇಳಿದೆ, “ನಮ್ಮ ಕಡೆ ಹಳೇ ಮಂದಿ ಗಂಡನ ಹೆಸರು ಹೇಳಂಗಿಲ್ಲಮ್ಮ.” ಅಯ್ಯೋ ಎಂದು ಅವಳು ಆ ಗೆರೆಯನ್ನು ಅಳಿಸಿದಳು. ಮಾವನ ಮನಸ್ಸಿನಲ್ಲಿ ಬಿದ್ದದ್ದನ್ನು ಅಳಿಸುವವರು ಯಾರು?

ನಮ್ಮ ಮಾವನ ಹೆಸರು ಗುರಪ್ಪ. ಗೊಳಸಂಗಿಯ ಹೊಲಮನೆಯವರು, ಬಾಗೇವಾಡಿಯಲ್ಲಿ ಕಾಳಿನ ವ್ಯಾಪಾರ ಮಾಡಿದವರು. ಪೇಟೆಯ ಒಂದು ತುದಿಯಲ್ಲಿ ಅವರು ಕೆಮ್ಮಿದರೆ ಇನ್ನೊಂದು ತುದಿಯಲ್ಲಿ ತಕ್ಕಡಿ ನೆಟ್ಟಗಾಗುತ್ತಿತ್ತು ಎಂದು ಹೇಳುವವರು ಈಗಲೂ ಇದ್ದಾರೆ. ಅತ್ತೆ ಮದುವೆಯಾಗಿ ಬಂದಾಗಿನಿಂದ ಅವರನ್ನು ಕರೆದದ್ದು “ಏನ್ರಿ” ಎಂದು, “ಕೇಳಿದ್ರ್ಯಾ” ಎಂದು, ಬೇರೆಯವರ ಮುಂದೆ “ನಮ್ಮ ಮನ್ಯಾವ್ರು” ಎಂದು. ಹೆಸರು ಬಿಡಿ, ಗುರುವಾರವನ್ನು ಕೂಡ ಗುರುವಾರ ಎಂದವರಲ್ಲ. ಬೇಸ್ತವಾರ ಎನ್ನುತ್ತಿದ್ದರು. ಹೀಗಾಗಿ ನಮ್ಮ ಇಡೀ ಮನೆಯೇ ಬೇಸ್ತವಾರ ಎನ್ನುತ್ತದೆ. ನನ್ನ ಮಗಳು ಸಾಲಿಯಲ್ಲಿ ಹಾಗೆಯೇ ಬರೆದು ಬಂದದ್ದಕ್ಕೆ ನಾನು ಮಾಸ್ತರರ ಮುಂದೆ ಹಲ್ಲು ಕಿರಿದಿದ್ದೇನೆ.

ಇದನ್ನೇನೋ ಹಳೆಯ ಕಾಲದ್ದು ಎಂದು ನಗಬಹುದು. ನನ್ನ ಮಗಳು ಇಂಡಿಯ ಸಂತೆಯಲ್ಲಿ ಗಂಡನನ್ನು “ವಿನಯಾ, ಮೆಂತೆ ಸಿವುಡು ಬಿಟ್ಟಿ ನೋಡು!” ಎಂದು ಕೂಗುವವಳು. ಸಿಂದಗಿಯ ನನ್ನ ತವರಿನಲ್ಲಿ ತಮ್ಮನ ಹೆಂಡತಿ ಫೋನಿನಲ್ಲಿ ಗಂಡನಿಗೆ ಇನ್ನೇನೇನೋ ಕರೆಯುತ್ತಾಳೆ, ಅದನ್ನು ಬರೆಯಲಾರೆ. ಇನ್ನು ನಾನು ಡಿಗ್ರಿ ಮಾಡಿದವಳು, ಮಕ್ಕಳಿಗೆ ಸಮಾನತೆಯ ಪಾಠ ಹೇಳುವವಳು. ಆದರೂ ಈ ಬರಹದ ಮೊದಲಿನಿಂದ ‘ನಮ್ಮ ಮನೆಯವರು’ ಎಂದೇ ಬರೆಯುತ್ತಿದ್ದೇನೆ, ನೀವು ಗಮನಿಸಿರಬೇಕು.

ಮಾವನ ಕಷ್ಟ ಬೇರೆಯೇ ಇತ್ತು. ಹೆಂಡತಿ ತನ್ನ ಹೆಸರನ್ನು ಎಂದೂ ಹೇಳಿದವಳಲ್ಲ. ಈಗಲೂ ಹೇಳುತ್ತಿಲ್ಲ. ಇದು ಹಳೆಯ ನಾಚಿಕೆಯೋ, ಹೊಸ ಮರೆವೋ? ತಂಗಿಯ ಹೆಸರು ನನಗೆ ಬಂತು, ಮಗನ ಹೆಸರು ಹೋಯಿತು. ಹಾಗೆಯೇ ತನ್ನದೂ ಹೋಗಿದ್ದರೆ ತಿಳಿಯುವುದು ಹೇಗೆ? ಬೇಸ್ತವಾರ ಬಾಯಿಗೆ ಬಾರದಿದ್ದರೂ ಗುರುವಾರ ಎನ್ನದೆ ಹಾರಿದ್ದಾರಲ್ಲ, ಅಂದರೆ ನಿಮ್ಮ ಹೆಸರು ನೆನಪಿದೆ ಎಂದೇ ಅರ್ಥ ಎಂದು ನಾನು ಸಮಾಧಾನ ಹೇಳಿದೆ. “ಶನಿವಾರನೂ ಬಿಟ್ಟಾಳಲ್ಲವಾ, ಶನಿವಾರ ಯಾರು?” ಎಂದರು.

ಅಲ್ಲಿಂದ ಮಾವನ ಪತ್ತೇದಾರಿಕೆ ಶುರುವಾಯಿತು. ಆಧಾರ್ ಕಾರ್ಡು ತಂದು, “ಇದು ಯಾರದು ಹೇಳು” ಎಂದು ಅತ್ತೆಯ ಮುಂದೆ ಹಿಡಿದರು. ಅತ್ತೆ “ನಿಮ್ದ” ಎಂದರು. ಮದುವೆಯಲ್ಲಿ ಬಂದ, ಅಂಚಿನಲ್ಲಿ ಹೆಸರು ಕೆತ್ತಿಸಿದ ಹಿತ್ತಾಳೆ ತಾಟನ್ನು ಅಟ್ಟದಿಂದ ಇಳಿಸಿ, ಹುಣಸೆಹಣ್ಣು ಹಚ್ಚಿ ತಾವೇ ತಿಕ್ಕಿ ಹೊಳಪು ಮಾಡಿ ತಂದು, ಕೆತ್ತಿದ ಅಕ್ಷರಗಳ ಮೇಲೆ ಬೆರಳಾಡಿಸುತ್ತ “ಇದೇನು?” ಎಂದರು. ಅತ್ತೆ ಕಣ್ಣು ಕಿರಿದು ಮಾಡಿ ನೋಡಿ “ತಾಟ” ಎಂದರು. ಮಾತು ಸರಿಯಾಗಿ ಬಂದಿತ್ತು, ಬೇರೆ ದಿನವಾಗಿದ್ದರೆ ನಾವು ಕುಣಿಯುತ್ತಿದ್ದೆವು. ಮಾವ ತಾಟನ್ನು ತೆಗೆದುಕೊಂಡು ಹೋಗಿ ಮತ್ತೆ ಅಟ್ಟದ ಮೇಲಿಟ್ಟರು. ಆ ದಿನ ಅವರು ಉಂಡದ್ದು ಅರ್ಧ ರೊಟ್ಟಿ.

ಸಹನಾಗೆ ಇದನ್ನೆಲ್ಲ ಹೇಳಿದಾಗ ಅವಳು ಕೇಳಿದಳು, “ಇಲ್ಲಿ ಹೆಂಗಸರು ಗಂಡನ ಹೆಸರು ಹೇಳಬಹುದಾದ ಸಂದರ್ಭವೇ ಇಲ್ಲವಾ ಆಂಟಿ?”

ಇದೆಯಲ್ಲ! ಒಡಪು ಇದೆ. ಮದುವೆಯಲ್ಲಿ, ಬಸುರಿಗೆ ಮಾಡುವ ಕುಬಸದಲ್ಲಿ, ಹೊಸ ಸೊಸೆ ಹೊಸ್ತಿಲು ದಾಟುವಾಗ ನಾಲ್ಕು ಸಾಲಿನ ಪದ ಕಟ್ಟಿ, ಅದರಲ್ಲಿ ಗಂಡನ ಹೆಸರು ಸೇರಿಸಿ ಹೇಳಬೇಕು. ಹೇಳುವ ತನಕ ಉಳಿದ ಹೆಂಗಸರು ಬಿಡುವುದಿಲ್ಲ. ಸಹನಾಳ ಕಣ್ಣು ಅರಳಿದವು. ಹಾಡು, ಪ್ರಾಸ, ಬಾಯಿಪಾಠ ಆದದ್ದು ಎಷ್ಟೋ ಸಲ ಇಂಥವರಲ್ಲಿ ಉಳಿದಿರುತ್ತದೆ, ಆ ದಾರಿಯಿಂದ ಹೋಗಿ ನೋಡಿ ಎಂದಳು. ಅತ್ತೆಯ ಒಡಪು ನನಗೆ ಗೊತ್ತಿತ್ತು. ಅತ್ತೆಯ ತವರು ಮುದ್ದೇಬಿಹಾಳದ ಕಡೆಯ ತಂಗಡಗಿ, ಕೃಷ್ಣಾ ದಂಡೆ. ಎಲ್ಲಿ ಕುಬಸವಾದರೂ ಅವರದು ಇದೇ ಒಡಪು:

“ತಂಗಡಗಿ ಹೊಳಿಯಾಗ ತುಂಬೇನಿ ಕೊಡ,
ಗೊಳಸಂಗಿ ಹಾದ್ಯಾಗ ಬೇವಿನ ಗಿಡ,
ಬಿಸಲಾಗ ಬಂದೇನಿ, ನೆರಳಾಗಿ ನಿಂತಾರ
ಗುರಪ್ಪನವರು, ನನ ಕೈಯ ಹಿಡದಾರ.”

ಮನೆಗೆ ಬಂದು ಉತ್ಸಾಹದಿಂದ ಹೇಳಿದೆ. ಮಾವ ಅಡ್ಡ ಕೈ ಹಿಡಿದರು.

“ಬ್ಯಾಡವಾ.”

“ಯಾಕ್ರಿ ಮಾವಾರ? ಆ ಹುಡುಗಿನ ಹೇಳ್ಯಾಳ್ರಿ.”

ಅವರು ಹೊರಗೆ ನೋಡುತ್ತ ಕೂತರು. ಆಮೇಲೆ, ಪೇಟೆಗೆಲ್ಲ ಕೇಳುವ ಆ ದನಿಯನ್ನು ಎಲ್ಲಿಟ್ಟರೋ, ಪಕ್ಕದಲ್ಲಿದ್ದ ನನಗೂ ಕಷ್ಟಪಟ್ಟು ಕೇಳುವ ಹಾಗೆ ಹೇಳಿದರು: “ಈಗ ಆಕಿ ನಾಚಿಕಿಗೆ ಹೇಳವಲ್ಲಳು ಅಂತ ನಾ ತಿಳಕೊಂಡ ಅದೇನಿ. ಒಡಪದಾಗ ಹೇಳಾಕ ಅಡ್ಡಿ ಇಲ್ಲ. ಅಲ್ಲೂ ಬರಲಿಲ್ಲಂದ್ರ ಮರತಾಳಂತ ಖಾತ್ರಿ ಆದಂಗ. ಆ ಖಾತ್ರಿ ನನಗ ಬ್ಯಾಡ.”

ನನಗೆ ಬಹಳ ಸಂಕಟವಾಯಿತು. ಈ ಮನುಷ್ಯ ಹೆಂಡತಿಯ ಜೊತೆ ನಾಲ್ಕು ಮೃದು ಮಾತಾಡಿದ್ದನ್ನು ನಾನು ಕಂಡವಳಲ್ಲ. ಅವರ ಪ್ರೀತಿಯೆಲ್ಲ ಚಹಾದಲ್ಲಿ ಸಕ್ಕರೆ ಕಡಿಮೆಯಾಯಿತೆಂದು ಕೂಗುವುದರಲ್ಲೇ ಮುಗಿಯುತ್ತಿತ್ತು. ಅಂಥವರು ಹೀಗೆ ಕೂತದ್ದು ನೋಡಿ ನನ್ನ ಕಣ್ಣು ತುಂಬಿದವು.

ಮಾವನ ಮಾತು ಮೀರುವಂತಿಲ್ಲ, ಸಹನಾಳ ಮಾತು ಬಿಡುವಂತಿಲ್ಲ. ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟೆ. ಬೆಳಿಗ್ಗೆ ಅತ್ತೆ ಎಡಗೈಯಿಂದ ಹಿಟ್ಟು ನಾದಲು ಕೂತಾಗ ನಾನು “ತಂ...” ಎಂದು ಶುರು ಮಾಡುತ್ತಿದ್ದೆ. ಅತ್ತೆ “ತಂಗಡಗಿ ಹೊಳಿಯಾಗ” ಎಂದು ಹಿಡಿದುಬಿಡುತ್ತಿದ್ದರು. ರೊಟ್ಟಿಗೆ ದುಂಡಂದು ಎನ್ನುವವರು, ಕೊಡ, ಗಿಡ, ಹಾದಿ, ಬಿಸಿಲು ಎಂದು ಒಂದೊಂದನ್ನೂ ಸ್ವಚ್ಛವಾಗಿ ಹೇಳುವುದನ್ನು ಕೇಳಿದರೆ ಮೈ ಜುಮ್ಮೆನ್ನುತ್ತಿತ್ತು. “ನೆರಳಾಗಿ ನಿಂತಾರ” ಎಂದ ಕೂಡಲೇ ನಾನು “ಸಾಕ್ರಿ ಅತ್ತಿ, ಚಹಾ ಆತು” ಎಂದು ಎದ್ದುಬಿಡುತ್ತಿದ್ದೆ. ದಿನವೂ ಹೀಗೆಯೇ. ಅತ್ತೆಗೂ ಅಲ್ಲಿಗೆ ನಿಲ್ಲುವುದು ರೂಢಿಯಾಯಿತು. ಒಂದು ದಿನ ನಾನು ಏಳುವುದು ತಡವಾದರೆ ಅವರೇ “ಚಾ” ಎಂದು ನೆನಪು ಮಾಡಿದರು. ಕಲಿಸುವವಳ ಬುದ್ಧಿ ಹೀಗಿದ್ದರೆ ಕಲಿಯುವವರ ಗತಿಯೇನು ಹೇಳಿ!

ಅಷ್ಟರಲ್ಲಿ ಮಗಳಿಗೆ ಏಳು ತಿಂಗಳು ತುಂಬಿದವು. ತವರಿನ ಕುಬಸಕ್ಕೆ ಕರೆತಂದೆವು. ಹಸಿರು ಸೀರೆ, ಕೈತುಂಬ ಹಸಿರು ಬಳೆ ತೊಡಿಸಿ ಮಣೆಯ ಮೇಲೆ ಕೂಡಿಸಿದ್ದಾಯಿತು. ಒಳಮನೆಯಲ್ಲಿ ಹೆಂಗಸರು, ಪಡಸಾಲೆಯಲ್ಲಿ ಮಾವನೂ ಇಂಡಿಯ ಬೀಗರೂ ಉಳಿದ ಗಂಡಸರೂ. ನಡುವೆ ಬರಿಯ ಒಂದು ಪರದೆ. ಉಡಿ ತುಂಬುವವರೆಲ್ಲ ಒಬ್ಬೊಬ್ಬರಾಗಿ ಒಡಪು ಹೇಳತೊಡಗಿದರು. ನನ್ನ ಸರದಿ ಬಂದಾಗ ಏನೋ ಎರಡು ಸಾಲು ಗುಣುಗುಣು ಹೇಳಿ ಪಾರಾದೆ. ಅತ್ತೆ ಮೂಲೆಯಲ್ಲಿ ಗೋಡೆಗೆ ಆತು ಕೂತು ಎಲ್ಲರ ಬಾಯಿ ನೋಡುತ್ತಿದ್ದರು. ಬೀಗಿತ್ತಿ ಶಾರದವ್ವನಿಗೆ ನಮ್ಮ ಒಳಗಿನ ಕಥೆ ತಿಳಿಯದು. ಆಕೆ ಅಭಿಮಾನದಿಂದಲೇ ಅತ್ತೆಯ ಕೈ ಹಿಡಿದು, “ದೊಡ್ಡವರು ಹೇಳಲಾರದ ಕುಬಸ ಹೆಂಗ ಮುಗೀತೈತ್ರಿ? ಯಕ್ಕಾ, ನೀವೊಂದ ಹೇಳ್ರಿ” ಎಂದರು.

“ಬ್ಯಾಡ್ರಿ, ಅವರು ದಣದಾರ” ಎಂದು ನಾನು ಮುಂದೆ ಬಂದೆ. ಅಷ್ಟರಲ್ಲಿ ಅತ್ತೆ ಶುರು ಮಾಡಿಬಿಟ್ಟಿದ್ದರು.

“ತಂಗಡಗಿ ಹೊಳಿಯಾಗ ತುಂಬೇನಿ ಕೊಡ...”

ಒಳಮನೆ ಸುಮ್ಮನಾಯಿತು. ಪರದೆಯ ಆಚೆಗಿನ ಗಂಡಸರ ಮಾತೂ ನಿಂತಿತು. ಗೊಳಸಂಗಿಯ ಹಾದಿ ಬಂತು, ಬೇವಿನ ಗಿಡ ಬಂತು.

“ಬಿಸಲಾಗ ಬಂದೇನಿ, ನೆರಳಾಗಿ ನಿಂತಾರ...”

ನಿಂತರು. ಅತ್ತೆ ನನ್ನ ಮುಖ ನೋಡಿದರು, ನಾನು ಚಹಾ ಆಯಿತು ಎನ್ನಲಿಲ್ಲ. ಹೆಂಗಸರ ಮುಖ ನೋಡಿದರು. ತುಟಿ ಅಲುಗಿತು, ಏನೂ ಹೊರಡಲಿಲ್ಲ. ಶಾರದವ್ವನಿಗೂ ಏನೋ ತಪ್ಪಾಯಿತೆಂದು ತಿಳಿದು ಮುಖ ಸಣ್ಣದಾಯಿತು. ನಾನು ಮೊದಲ ಅಕ್ಷರ ಹೇಳಿಕೊಡಬಹುದಿತ್ತು. ಆದರೆ ಮಾವನ ಹೆಸರನ್ನು ಅಷ್ಟು ಜನರ ಮುಂದೆ ನಾನು ಎತ್ತುವುದು ಹೇಗೆ? ಸೊಸೆಯಾದವಳ ನಾಲಿಗೆಯೂ ಏಳಲಿಲ್ಲ. ಪರದೆಯ ಆಚೆ ಕೂತ ಮಾವನಿಗೆ ಬೇಡವಾಗಿದ್ದ ಖಾತ್ರಿ ಈಗ ಆಗಿಹೋಯಿತು ಎಂದುಕೊಂಡೆ.

ಆಗ ಎಲ್ಲಿಂದಲೋ “ಗು” ಎಂದಿತು.

ಬೆಳಕಿಂಡಿಯಲ್ಲಿ ಪಾರಿವಾಳ ಕೂತಿದೆ ಎಂದು ಒಬ್ಬಾಕೆ ಮೇಲೆ ನೋಡಿದಳು. ಮತ್ತೆ “ಗು... ಗು...” ಎಂದಿತು, ಈ ಸಲ ಸ್ವಲ್ಪ ಜೋರಾಗಿ. ಪರದೆಯ ಆಚೆಯಿಂದ. ನಮ್ಮ ಮಾವ, ಬೀಗರ ನಡುವೆ ಕೂತು, ಮರ್ಯಾದೆಯನ್ನೆಲ್ಲ ಬದಿಗಿಟ್ಟು, ತಮ್ಮ ಹೆಸರಿನ ಮೊದಲ ಅಕ್ಷರವನ್ನು ತಾವೇ ಹೆಂಡತಿಗೆ ಹೇಳಿಕೊಡುತ್ತಿದ್ದರು. “ಗು... ಗು... ಗು...”

ಅತ್ತೆಯ ಹುಬ್ಬು ಗಂಟಿಕ್ಕಿತು. ಪರದೆಯ ಕಡೆ ತಿರುಗಿದರು.

“ಗುರಪ್ಪ!” ಎಂದರು, ಮನೆ ನಡುಗುವ ಹಾಗೆ. “ಗುರಪ್ಪ ಅನ್ನೂದು ನನಗ ಗೊತ್ತಿಲ್ಲೇನ್ರಿ? ಸುಮ್ಮ ಕುಂದರ್ರಿ ಅತ್ಲಾಗ!”

ಒಡಪೂ ಇಲ್ಲ, ‘ಅವರು’ ಎನ್ನುವ ಬಹುವಚನವೂ ಇಲ್ಲ, ಬರಿಯ ಹೆಸರು. ಆಮೇಲೆ ಎದ್ದ ನಗುವಿಗೆ ಮಗಳ ಕೈಯ ಬಳೆಗಳೆಲ್ಲ ಕುಣಿದವು, ಶಾರದವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. ಅತ್ತೆಗೆ ತಾವು ಏನಂದೆವೆಂದು ಆಗ ಹೊಳೆಯಿತು. ನಾಲಿಗೆ ಕಚ್ಚಿಕೊಂಡು, ಎಡಗೈಯಿಂದ ಸೆರಗು ಎಳೆದು ಮುಖ ಮುಚ್ಚಿಕೊಂಡರು. ನಾನು ನಗುತ್ತಲೂ ಅಳುತ್ತಲೂ ಪರದೆ ಸರಿಸಿ ನೋಡಿದೆ. ಮಾವ ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, ತಲೆ ಬಗ್ಗಿಸಿ ಕೂತಿದ್ದರು. ಬೀಗರು ಅವರ ಬೆನ್ನ ಮೇಲೆ ಕೈ ಇಟ್ಟಿದ್ದರು.

ನಗುವೆಲ್ಲ ಇಳಿದ ಮೇಲೆ ಅವರು ಮುಖ ಎತ್ತಿದರು. ಯಾರೋ ಹೆಸರು ಹಿಡಿದು ಕರೆದಾಗ ಹೇಳುವ ಹಾಗೆ, ಮೆಲ್ಲಗೆ, “ಓ” ಎಂದರು.